ನಮ್ಮ ಹಾಡಿಗೆ ಮುಖ ಬಂದ ಚರಿತ್ರೆ

ಹಾಡು ನಮ್ಮದು, ಪೆಟ್ಟಿಗೆ ಅವರದು. ನೂರಿಪ್ಪತ್ತು ವರ್ಷದ ಚರಿತ್ರೆಯನ್ನು ಬೇಕಾದರೆ ಇಷ್ಟರಲ್ಲೇ ಹೇಳಿ ಮುಗಿಸಬಹುದು. ಆದರೆ ಆ ಪೆಟ್ಟಿಗೆ ಇವತ್ತು ನಮ್ಮ ಕೇರಿಯ ಹುಡುಗರ ಅಂಗಿಯ ಜೇಬಿನಲ್ಲಿದೆ. ಹತ್ತಿ ಬಿಡಿಸಲು ಹೋಗುವ ಹೆಣ್ಣುಮಕ್ಕಳ ಉಡಿಯಲ್ಲಿದೆ. ಮಸ್ಕಿ ತಾಲ್ಲೂಕಿನ ಪಾಮನಕಲ್ಲೂರಿನಂಥ ಊರಲ್ಲಿ ಕೂತು ಹಾಡು ಕಟ್ಟಿ, ಅದಕ್ಕೆ ಚಿತ್ರ ಹಿಡಿದು, ಹೊತ್ತು ಮುಳುಗುವುದರೊಳಗೆ ಲೋಕಕ್ಕೆಲ್ಲ ತೋರಿಸಬಹುದು. ತೋರಿಸುತ್ತಲೂ ಇದ್ದಾರೆ. ಆಗ ಊರು ಹೇಳುವ ಮಾತು ಒಂದೇ: 'ಛಲೋ ಐತಿ, ಆದ್ರ ಸಿನಿಮಾದಂಗ ಬಂದಿಲ್ಲ ಬಿಡು.'

ಈ 'ಸಿನಿಮಾದಂಗ' ಅನ್ನುವ ಮಾತು ನಮ್ಮನ್ನು ಕಾಡಿದೆ. ಅದರಲ್ಲಿ ಎರಡು ಸಂಗತಿಗಳು ಕಲೆತುಹೋಗಿವೆ. ಒಂದು ಕಸಬು. ದನಿ ಚೊಕ್ಕಾಗಿ ಕೇಳಬೇಕು, ಚಿತ್ರ ಅಲುಗಬಾರದು, ತುಟಿಗೂ ಮಾತಿಗೂ ತಾಳ ತಪ್ಪಬಾರದು. ಇನ್ನೊಂದು ಮೋರೆ. ಮೈ ಬೆಳ್ಳಗಿರಬೇಕು, ಸೀರೆ ಹೊಸದಿರಬೇಕು, ಹಿಂದೆ ಬಂಗ್ಲೆ ಇರಬೇಕು, ಕೇರಿ ಕಾಣಬಾರದು. ಮೊದಲನೆಯದು ದುಡಿದ ಯಾರಿಗಾದರೂ ಬರುವಂಥದು. ಎರಡನೆಯದು ಉಳ್ಳವರ ಕಣ್ಣು. ಇವೆರಡನ್ನೂ ಒಂದೇ ಬುಟ್ಟಿಗೆ ಹಾಕಿ ನಮಗೆ ಮಾರಿದವರು ಯಾರು, ಯಾವಾಗ ಎಂದು ಕೇಳಿಕೊಳ್ಳದೆ ಮೊಬೈಲು ಎತ್ತಿದರೆ ನಾವು ಮಾಡುವುದು ಅವರ ಸಿನಿಮಾದ ಅಗ್ಗದ ನಕಲು. ಅದಕ್ಕೇ ಸ್ವಲ್ಪ ಹಿಂದಕ್ಕೆ ಹೋಗಿ ನೋಡಬೇಕು.

1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಎಂಬಾತ ಕಲ್ಕತ್ತೆಗೆ ಯಂತ್ರ ತಂದು ಗೌಹರ್ ಜಾನ್ ಎಂಬ ಹಾಡುಗಾರ್ತಿಯ ದನಿಯನ್ನು ಮೇಣದ ತಟ್ಟೆಗೆ ಇಳಿಸಿದ. ಮರ್ಯಾದಸ್ಥರೆನಿಸಿಕೊಂಡ ಮನೆಯ ಹೆಂಗಸರು ಆ ಕಾಲಕ್ಕೆ ಯಂತ್ರದ ಮುಂದೆ ಹಾಡಲು ಬರುತ್ತಿರಲಿಲ್ಲ. ಸಮಾಜ ಹೊರಗಿಟ್ಟ ಹೆಂಗಸರ ದನಿಯಿಂದಲೇ ಈ ದೇಶದ ಧ್ವನಿಮುದ್ರಣದ ಚರಿತ್ರೆ ಶುರುವಾಯಿತು ಎಂಬುದನ್ನು ನಮ್ಮ ಸಂಗೀತ ಪಂಡಿತರು ಮೆಲ್ಲಗೆ ದಾಟಿಹೋಗುತ್ತಾರೆ. ಗೌಹರ್ ಜಾನ್ ಹಾಡಿನ ಕೊನೆಯಲ್ಲಿ ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ಕೂಗಿ ಹೇಳುತ್ತಿದ್ದಳು. ಅದು ಜಂಬವಲ್ಲ. ಮೇಣದ ತಟ್ಟೆ ಹಡಗು ಹತ್ತಿ ಜರ್ಮನಿಯ ಹ್ಯಾನೋವರಿಗೆ ಹೋಗಿ ಅಚ್ಚಾಗಿ ಬರಬೇಕಿತ್ತು. ಇದು ಯಾರ ಹಾಡು ಎಂದು ಅಲ್ಲಿಯ ಕೆಲಸಗಾರರಿಗೆ ತಿಳಿಯಬೇಕಿತ್ತು. ಹೆಸರು ಹೇಳದಿದ್ದರೆ ದನಿ ಅನಾಥ. ಈ ಮಾತಿಗೆ ಮುಂದೆ ಮತ್ತೆ ಬರುತ್ತೇವೆ.

ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷ. ಸಿನಿಮಾ ಹಾಡು ಇವತ್ತಿಗೂ ಆ ಅಳತೆಯ ಸುತ್ತಲೇ ಸುತ್ತುತ್ತದೆ. ಬೀಸುವ ಪದಕ್ಕೆ ಅಳತೆ ಗಡಿಯಾರವಲ್ಲ, ಮೊರದಲ್ಲಿದ್ದ ಜೋಳ. ಮೊಹರಂ ಅಲಾಯಿ ಕುಣಿಯ ಸುತ್ತ ಹಾಡುವ ರಿವಾಯತ್ ಪದಕ್ಕೆ ರಾತ್ರಿಯೇ ಸಾಲದು. ಇದಕ್ಕಿಂತ ಮುಖ್ಯ ಇನ್ನೊಂದಿದೆ. 1925ರ ಸುಮಾರಿಗೆ ವಿದ್ಯುತ್ತಿನ ಮೈಕು ಬರುವತನಕ ಹಾಡುಗಾರರು ಒಂದು ತಗಡಿನ ಕೊಂಬಿಗೆ ಬಾಯಿ ಕೊಟ್ಟು ಕಿರುಚಬೇಕಾಗಿತ್ತು. ಜೋರಾದ ಚರ್ಮವಾದ್ಯದ ಪೆಟ್ಟು ಬಿದ್ದರೆ ಮುಳ್ಳು ಗೆರೆ ಬಿಟ್ಟು ಜಿಗಿಯುತ್ತಿತ್ತು. ಹಾಗಾಗಿ ದೊಡ್ಡ ಚರ್ಮದ ದನಿಯನ್ನು ದೂರ ಇಟ್ಟರು, ಇಲ್ಲವೇ ಬಿಟ್ಟೇಬಿಟ್ಟರು. ಹಲಗಿಯನ್ನು ಊರ ಹೊರಗಿಟ್ಟದ್ದು ಜಾತಿ. ಪೆಟ್ಟಿಗೆಗೆ ಜಾತಿ ಗೊತ್ತಿರಲಿಲ್ಲ, ಆದರೂ ಅದು ಬಂದು ನಿಂತದ್ದು ಅದೇ ಕಡೆಗೆ.

ಇನ್ನು ಸಿನಿಮಾ. ಕನ್ನಡದ ಮೊದಲ ಮಾತಿನ ಚಿತ್ರ 'ಸತಿ ಸುಲೋಚನ' 1934ರಲ್ಲಿ ಬಂತು. ಆಗೆಲ್ಲ ನಟರು ಕ್ಯಾಮೆರಾದ ಮುಂದೆ ನಿಜವಾಗಿಯೇ ಹಾಡಬೇಕು, ವಾದ್ಯದವರು ಚೌಕಟ್ಟಿನ ಆಚೆ ಅಡಗಿ ಕೂಡಬೇಕು. 1935ರಲ್ಲಿ ಕಲ್ಕತ್ತೆಯ ನ್ಯೂ ಥಿಯೇಟರ್ಸಿನವರು 'ಧೂಪ್ ಛಾಂವ್' ಚಿತ್ರಕ್ಕೆ ಹೊಸ ದಾರಿ ಹಿಡಿದರು. ಹಾಡನ್ನು ಮೊದಲು ಬೇರೆಯಾಗಿ ಮುದ್ರಿಸುವುದು, ಆಮೇಲೆ ಅದನ್ನು ಹಚ್ಚಿಟ್ಟು ಅದಕ್ಕೆ ಸರಿಯಾಗಿ ತುಟಿ ಆಡಿಸುತ್ತ ಚಿತ್ರ ತೆಗೆಯುವುದು. ಹಿನ್ನೆಲೆ ಗಾಯನ ಎನ್ನುತ್ತೇವಲ್ಲ, ಅದು. 'ಸಿನಿಮಾದಂಗ' ಕಾಣುವ ಹಾಡಿನ ಗುಟ್ಟೆಲ್ಲ ಇದರಲ್ಲಿದೆ. ಗುಟ್ಟು ಇಷ್ಟೇ ಎಂದು ತೊಂಬತ್ತು ವರ್ಷದಲ್ಲಿ ನಮಗೆ ಯಾರೂ ಬಿಡಿಸಿ ಹೇಳಲಿಲ್ಲ, ಅದಿರಲಿ. ದನಿ ಒಬ್ಬರದು, ಮೋರೆ ಇನ್ನೊಬ್ಬರದು ಆಗುವುದಕ್ಕೂ ಇದೇ ಬಾಗಿಲು ತೆರೆಯಿತು. 1975ರ 'ಚೋಮನ ದುಡಿ'ಯಲ್ಲಿ ಹೊಲೆಯನ ದುಡಿ ತೆರೆಯ ನಡುವಿಗೆ ಬಂತು, ಚಿತ್ರಕ್ಕೆ ರಾಷ್ಟ್ರದ ದೊಡ್ಡ ಪ್ರಶಸ್ತಿಯೂ ಬಂತು. ಅದು ದೊಡ್ಡ ಚಿತ್ರವೇ, ಇಲ್ಲವೆನ್ನುವುದಿಲ್ಲ. ಆದರೆ ಅಲ್ಲಿಯೂ ಕತೆ ಹೇಳುವ ಕೈ ನಮ್ಮದಾಗಿರಲಿಲ್ಲ.

ರೇಡಿಯೋದ ಮಾತು ಬೇಗ ಮುಗಿಸಬಹುದು. ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ 1935ರಲ್ಲಿ ಶುರುಮಾಡಿದ 'ಆಕಾಶವಾಣಿ' ಮುಂದೆ ದೇಶದ ರೇಡಿಯೋಕ್ಕೇ ಹೆಸರಾಯಿತು. 1950ರಲ್ಲಿ ಧಾರವಾಡ ಕೇಂದ್ರ, 1966ರಲ್ಲಿ ಕಲಬುರ್ಗಿ ಕೇಂದ್ರ ಬಂದವು. ಜಾನಪದಕ್ಕೂ ಅಲ್ಲಿ ಜಾಗ ಸಿಕ್ಕಿತು. ಆದರೆ ಒಂದು ಸಂಗತಿ ನೆನಪಿರಲಿ: ಹಾರ್ಮೋನಿಯಂ ಶುದ್ಧ ಭಾರತೀಯ ಸ್ವರಕ್ಕೆ ಒಗ್ಗದು ಎಂದು 1940ರಲ್ಲಿ ರೇಡಿಯೋ ಅದನ್ನು ಬಹಿಷ್ಕರಿಸಿತು. 1971ರವರೆಗೆ ಆ ಬಹಿಷ್ಕಾರ ನಡೆಯಿತು. ನಮ್ಮ ಭಜನಿ ಮಂದಿಯ ಕೈಯಲ್ಲಿದ್ದುದು ಅದೊಂದೇ 'ಪೇಟಿ'. ಮೂವತ್ತು ವರ್ಷ ಅದು ಅಸ್ಪೃಶ್ಯ ವಾದ್ಯವಾಗಿತ್ತು ಎಂದರೆ ಅತಿಶಯವಲ್ಲ.

ನಮ್ಮ ರಾಯಚೂರು ಜಿಲ್ಲೆಗೆ ಚಿತ್ರದ ಪೆಟ್ಟಿಗೆ ಬಂದ ಕತೆ ಇನ್ನೂ ಸೋಜಿಗದ್ದು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಅಮೆರಿಕದ ಉಪಗ್ರಹವೊಂದನ್ನು ಎರವಲು ಪಡೆದು ಆರು ರಾಜ್ಯಗಳ 2,400 ಹಳ್ಳಿಗಳಿಗೆ ಸರ್ಕಾರ ಟೆಲಿವಿಷನ್ ತೋರಿಸಿತು. ಬೆಂಗಳೂರಿಗೇ ಟೆಲಿವಿಷನ್ ಇಲ್ಲದ ಕಾಲದಲ್ಲಿ ಕರ್ನಾಟಕದ ಪಾಲಿಗೆ ಆಯ್ಕೆಯಾದವು ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳು. ಕೋಳಿ ಬಲೆಯಂಥ ತಂತಿಯ ದೊಡ್ಡ ಛತ್ರಿ, ಕೆಳಗೆ ಒಂದು ಪೆಟ್ಟಿಗೆ. ಕಾರ್ಯಕ್ರಮ ತಯಾರಾಗುತ್ತಿದ್ದುದು ಹೈದರಾಬಾದಿನಲ್ಲಿ. ಮಾಡುವವರು ಅಲ್ಲಿ, ನೋಡುವವರು ಇಲ್ಲಿ. ಬಿತ್ತನೆ ಹೇಗೆ, ಮಕ್ಕಳು ಎಷ್ಟು ಎಂದು ನಮಗೇ ಪಾಠ. ಒಂದು ವರ್ಷ ಮುಗಿದ ಕೂಡಲೇ ಉಪಗ್ರಹ ಹೋಯಿತು. ಅದು ತುರ್ತುಪರಿಸ್ಥಿತಿಯ ಕಾಲ ಎಂಬುದನ್ನೂ ಮರೆಯಬಾರದು; ಆಕಾಶದಿಂದ ಬರುವ ದನಿ ಒಂದೇ ಆಗಿತ್ತು, ನೆಲದ ಮೇಲಿನ ದನಿಗಳ ಬಾಯಿ ಕಟ್ಟಲಾಗಿತ್ತು.

ಅದೇ 1975ರಲ್ಲೇ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಅಚ್ಚಾಯಿತು. 1973ರ ಬೂಸಾ ಗಲಾಟೆಯಲ್ಲಿ ಏಟು ತಿಂದ ಹುಡುಗರು, ಬಿ. ಕೃಷ್ಣಪ್ಪನವರೊಂದಿಗೆ ದಲಿತ ಸಂಘರ್ಷ ಸಮಿತಿ ಕಟ್ಟಿದವರು, ಊರೂರಿಗೆ ಹಾಡನ್ನು ಹೊತ್ತರು. ಯಾವ ತಟ್ಟೆಯೂ ಇಲ್ಲ, ಸ್ಟುಡಿಯೋ ಇಲ್ಲ. ನೋಟುಬುಕ್ಕಿನಲ್ಲಿ ಬರೆದುಕೊಂಡದ್ದು, ಸೈಕ್ಲೋಸ್ಟೈಲ್ ಹಾಳೆ, ಜಾಥಾದಲ್ಲಿ ಕಿವಿಯಿಂದ ಬಾಯಿಗೆ. ಕೋಲಾರದ ಕಡೆ ಕೋಟಿಗಾನಹಳ್ಳಿ ರಾಮಯ್ಯ ಬರೆದರು, ಪಿಚ್ಚಳ್ಳಿ ಶ್ರೀನಿವಾಸ್ ಹಾಡಿದರು. ಮೈಸೂರಿನ ಕಡೆ ಜನಾರ್ದನ, ಜನರ ಬಾಯಲ್ಲಿ ಜನ್ನಿ, ಹಾಡಿದರು. ಹಲಗಿ ಬಿಟ್ಟಿ ಚಾಕರಿಯ ಗುರುತು, ಅದನ್ನು ಬಿಸಾಡಬೇಕು ಎಂಬ ವಾದ ಚಳವಳಿಯೊಳಗೇ ಇತ್ತು. ಅದೇ ಹಲಗಿ ಹಿಡಿದು ಮೆರವಣಿಗೆಯ ಮುಂದೆ ನಡೆದವರೂ ಇದ್ದರು. ಸಾವಿಗೆ ಹೇಳಿಕಳಿಸಿ ಬಾರಿಸಿಕೊಳ್ಳುವ ಹಲಗಿ ಬೇರೆ, ನಾವೇ ಕಾಸಿ ನಮ್ಮ ಮಾತಿಗೆ ಬಾರಿಸುವ ಹಲಗಿ ಬೇರೆ ಎಂಬ ತಿಳಿವು ಬರಲು ಹೊತ್ತು ಹಿಡಿಯಿತು. ನಮ್ಮ ಕೆಲವು ಹಿರಿಯರಿಗೆ ಇನ್ನೂ ಬಂದಿಲ್ಲ.

1978ರಲ್ಲಿ ನಿಸಾರ್ ಅಹಮದರ ಕವನಗಳ 'ನಿತ್ಯೋತ್ಸವ' ಧ್ವನಿಸುರುಳಿ ಮೈಸೂರು ಅನಂತಸ್ವಾಮಿಯವರ ರಾಗಸಂಯೋಜನೆಯಲ್ಲಿ ಬಂತು. ಭಾವಗೀತೆಗೆ ಸ್ಟುಡಿಯೋ ಸಿಕ್ಕಿತು, ಚಳವಳಿಯ ಹಾಡಿಗೆ ಬೀದಿಯೇ ಗತಿಯಾಯಿತು. ನಿಸಾರರ ಬಗ್ಗೆ ನಮಗೆ ಜಗಳವಿಲ್ಲ, ಹಂಚಿಕೆಯ ಬಗ್ಗೆ ಇದೆ. ಆದರೆ ಕ್ಯಾಸೆಟ್ಟು ಎಂಬುದು ತಟ್ಟೆಯಂತಲ್ಲ. ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಈ ಪುಟ್ಟ ಡಬ್ಬಿಯಲ್ಲಿ ಕೇಳುವವನೇ ಮುದ್ರಿಸಲೂಬಹುದಿತ್ತು. ಕೊಲ್ಲಿ ದೇಶಕ್ಕೆ ದುಡಿಯಲು ಹೋದವರು ತಂದ ಟೇಪ್‌ರೆಕಾರ್ಡರು ಹಳ್ಳಿ ಸೇರಿದವು. ದಿಲ್ಲಿಯ ಹಣ್ಣಿನ ರಸದ ಅಂಗಡಿಯವನ ಮಗ ಗುಲ್ಶನ್ ಕುಮಾರ್ 1983ರಲ್ಲಿ ಟಿ-ಸೀರೀಸ್ ಕಟ್ಟಿ ಅಗ್ಗದ ಕ್ಯಾಸೆಟ್ಟಿನಿಂದ ಹಳೆಯ ಕಂಪನಿಯ ಏಕಸ್ವಾಮ್ಯ ಮುರಿದ. ನಮ್ಮ ಹಾಡೂ ಎರಡು ಡಬ್ಬಿಯ ಟೇಪಿನಲ್ಲಿ ಒಂದರಿಂದ ಒಂದಕ್ಕೆ ಇಳಿಯಿತು. ಪ್ರತಿ ನಕಲಿಗೂ 'ಸ್ಸ್' ಎಂಬ ಗಾಳಿ ಹೆಚ್ಚುತ್ತಿತ್ತು. ನಾಲ್ಕನೆಯ ನಕಲಿನಲ್ಲಿ ಹಾಡುವವರು ಮಳೆಯೊಳಗೆ ನಿಂತಂತೆ ಕೇಳುತ್ತಿತ್ತು. ನಮ್ಮ ಹಾಡೆಂದರೆ ಹೀಗೇ, ಒರಟು, ಅಸ್ಪಷ್ಟ ಎಂಬ ಅಭಿಪ್ರಾಯ ಓದಿದವರಲ್ಲಿ ಬೇರೂರಿದ್ದು ಈ ನಕಲುಗಳಿಂದಲೂ ಹೌದು. ದನಿ ಒರಟಾಗಿರಲಿಲ್ಲ, ನಮ್ಮ ಕೈಗೆ ಬಂದ ಪಟ್ಟಿ ಸವೆದಿತ್ತು.

ಮುಂದಿನದು ಎಲ್ಲರಿಗೂ ಗೊತ್ತು. 2005ರಲ್ಲಿ ಯೂಟ್ಯೂಬ್, 2016ರ ಸೆಪ್ಟೆಂಬರಿನಲ್ಲಿ ಜಿಯೋ. ಹಾವೇರಿ ಜಿಲ್ಲೆಯಲ್ಲಿ ಕುರಿ ಕಾಯುತ್ತಿದ್ದ ಲಂಬಾಣಿ ಹುಡುಗ ಹನುಮಂತ 2018-19ರಲ್ಲಿ ಟೀವಿಯ ಹಾಡಿನ ಸ್ಪರ್ಧೆಯಲ್ಲಿ ಎರಡನೆಯವನಾಗಿ ಮನೆಮಾತಾದ. ಚೆನ್ನೈನಲ್ಲಿ 2018ರ ಜನವರಿಯಲ್ಲಿ 'ಕಾಸ್ಟ್‌ಲೆಸ್ ಕಲೆಕ್ಟಿವ್' ಎಂಬ ಹತ್ತೊಂಬತ್ತು ಜನರ ತಂಡ ಪರೈ ಬಾರಿಸಿ ಮೀಸಲಾತಿಯ ಬಗ್ಗೆ, ಗೋಮಾಂಸದ ಬಗ್ಗೆ ವೇದಿಕೆಯ ಮೇಲೆ ಹಾಡಿತು. ಪರೈ ಎಂದರೆ ನಮ್ಮ ಹಲಗಿಯ ಒಡಹುಟ್ಟಿದ ಅಣ್ಣ.

ಇನ್ನು ನಮ್ಮೂರ ಕಡೆಗೆ ಬರೋಣ. ಸಿಂಧನೂರಿನ ಕಡೆ ತುಂಗಭದ್ರೆಯ ಎಡದಂಡೆ ಕಾಲುವೆ, ಭತ್ತ, ರೈಸ್‌ಮಿಲ್ಲು. ಇತ್ತ ಪಾಮನಕಲ್ಲೂರಿನ ಸುತ್ತ ಮಳಿ ನೆಚ್ಚಿದ ಹೊಲ, ಗುಳೆ. ನಾರಾಯಣಪುರ ಬಲದಂಡೆಯ 5ಎ ಕಾಲುವೆ ಬೇಕೆಂದು 2020ರ ಕೊನೆಗೆ ಪಾಮನಕಲ್ಲೂರಿನಲ್ಲಿ ರೈತರು ಧರಣಿ ಕೂತರು. 2021ರ ಏಪ್ರಿಲಿನ ಮಸ್ಕಿ ಉಪಚುನಾವಣೆಗೆ ಇದೇ ದೊಡ್ಡ ಮಾತಾಯಿತು. ಚುನಾವಣೆ ಬಂದಾಗ ದೊಡ್ಡ ಕ್ಯಾಮೆರಾ ಬಂದವು, ಮುಗಿದಾಗ ಹೋದವು. ಕಾಲುವೆ ಬಂದರೆ ಹೊಲವಿಲ್ಲದ ಕೂಲಿಯವರಿಗೆ ಏನು ಎಂದು ಆ ಕ್ಯಾಮೆರಾ ಕೇಳಲಿಲ್ಲ. ನಾವು ಕಟ್ಟಿದ ಹಾಡು ಅದನ್ನು ಕೇಳುತ್ತದೆ. ಮಾತು ನಮ್ಮದು, ಧಾಟಿ ಕೇರಿಯ ಹಿರಿಯಾಕೆಯೊಬ್ಬರ ಬೀಸುವ ಪದದ್ದು. ಅದಕ್ಕೆ ಚಿತ್ರ ಮಾಡಿದ ರೀತಿಯನ್ನು ಇಲ್ಲಿ ಬರೆಯುವುದು ಬೇರೆ ಊರಿನ ಗೆಳೆಯರಿಗೆ ಉಪಯೋಗವಾದೀತೆಂದು.

ಮೊದಲು ದನಿ. ಚಿತ್ರ ಮಂಕಾದರೂ ಜನ ನೋಡುತ್ತಾರೆ, ದನಿ ಕೆಟ್ಟರೆ ಬೆರಳು ಸರಿಸಿ ಮುಂದೆ ಹೋಗುತ್ತಾರೆ. ಗಿರಣಿ ನಿಂತು ಊರು ಮಲಗಿದ ಮೇಲೆ ಒಂದು ಸಣ್ಣ ಖೋಲಿಯಲ್ಲಿ, ನಾಲ್ಕೂ ಗೋಡೆಗೆ ಕೌದಿ ಇಳಿಬಿಟ್ಟು, ಮೂಲೆಗೆ ಹತ್ತಿಯ ಅಂಡಿಗೆ ಇಟ್ಟು ಹಾಡಿಸಬೇಕು. ಕೌದಿ ಪ್ರತಿಧ್ವನಿ ನುಂಗುತ್ತದೆ. ಸ್ಟುಡಿಯೋದವರು ಗೋಡೆಗೆ ಹೊಡೆಯುವ ದುಬಾರಿ ಸ್ಪಂಜು ಮಾಡುವ ಕೆಲಸವೂ ಅದೇ. ಮೊಬೈಲು ಬಾಯಿಂದ ಒಂದು ಗೇಣಿನಷ್ಟು ದೂರ, ಸ್ವಲ್ಪ ಓರೆಗೆ. ಹಲಗಿಯನ್ನು ಬೇರೆಯೇ ಮುದ್ರಿಸಬೇಕು. ಮೊಬೈಲಿನ ಮೈಕು ಜೋರು ಸದ್ದು ಕೇಳಿದೊಡನೆ ತಾನೇ ಕಿವಿ ಮುಚ್ಚಿಕೊಳ್ಳುತ್ತದೆ. ಪ್ರತಿ ಪೆಟ್ಟಿನ ಬೆನ್ನಿಗೇ ಹಾಡುವವರ ದನಿ ಮುಳುಗಿ ಏಳುತ್ತದೆ. ಹಿಂದೆ ಮುಳ್ಳು ಜಿಗಿದಂತೆಯೇ ಇದು. ಹಲಗಿಯವರು ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಹಾಡು ಕೇಳುತ್ತ, ಹತ್ತು ಹನ್ನೆರಡು ಅಡಿ ದೂರದಲ್ಲಿ ಬಾರಿಸಿದರೆ ಪೆಟ್ಟು ಒಡೆಯದೆ ಬರುತ್ತದೆ. ಬೆಂಕಿಗೆ ಕಾಸಿದ ಚರ್ಮ ಆರಿದಂತೆ ಸ್ವರ ಇಳಿಯುತ್ತದಾದ್ದರಿಂದ ಪ್ರತಿ ಸಲವೂ ಕಾಸಿಯೇ ಬಾರಿಸಬೇಕು. ಇದನ್ನು ನಾವು ಅವರಿಗೆ ಹೇಳಬೇಕಾಗಿಲ್ಲ, ಅವರು ನಮಗೆ ಹೇಳುತ್ತಾರೆ.

ಆಮೇಲೆ ಚಿತ್ರ. ಸ್ಪೀಕರಿನಲ್ಲಿ ಹಾಡು ಹಚ್ಚಿ, ಶುರುವಿಗೆ ಒಂದು ಚಪ್ಪಾಳೆ ತಟ್ಟಿ, ಇಡೀ ಹಾಡನ್ನು ನಾಲ್ಕು ಸಲ ತೆಗೆಯಬೇಕು: ದೂರದಿಂದ, ಸೊಂಟದ ಮಟ್ಟ, ಮೋರೆ, ಕೈಗಳು. ಚಪ್ಪಾಳೆ ಕಂಡ ಚಿತ್ರಕ್ಕೂ ಕೇಳಿದ ಸದ್ದಿಗೂ ಗಂಟು ಹಾಕಿದರೆ ನಾಲ್ಕೂ ಒಂದೇ ಸಾಲಿಗೆ ಬರುತ್ತವೆ. ಸ್ಪೀಕರು ಹಾಡುವವರ ಹತ್ತಿರವೇ ಇರಬೇಕು. ಸದ್ದು ಸೆಕೆಂಡಿಗೆ ಸುಮಾರು 340 ಮೀಟರು ನಡೆಯುತ್ತದೆ. ಸ್ಪೀಕರನ್ನು 34 ಮೀಟರ್ ದೂರದ ಬದುವಿನ ಮೇಲಿಟ್ಟರೆ ಹಾಡು ಸೆಕೆಂಡಿನ ಹತ್ತನೇ ಒಂದು ಭಾಗ ತಡವಾಗಿ ಮುಟ್ಟುತ್ತದೆ. ಸೆಕೆಂಡಿಗೆ 25 ಚಿತ್ರವಾದರೆ ಎರಡೂವರೆ ಚಿತ್ರ ತಪ್ಪಿದಂತೆ. ನೋಡುವವರಿಗೆ ಏನು ತಪ್ಪಿದೆ ಎಂದು ಗೊತ್ತಾಗದು, ಎಲ್ಲೋ ಸುಳ್ಳಿದೆ ಎಂದು ಮಾತ್ರ ಗೊತ್ತಾಗುತ್ತದೆ.

ತುಟಿ ಆಡಿಸಿದರೆ ಸಾಕು ಎಂದು ಹಿರಿಯಾಕೆಗೆ ಹೇಳಿದಾಗ 'ಹಾಡಲಾರದಂಗ ಹಾಡೋದು ಹೆಂಗ ಯಪ್ಪಾ?' ಎಂದರು. ಕೊನೆಯವರೆಗೂ ದನಿ ಎತ್ತಿಯೇ ಹಾಡಿದರು. ಕೊರಳ ನರ ಉಬ್ಬುತ್ತವೆ, ಉಸಿರು ಎಳೆಯುವಾಗ ಭುಜ ಏಳುತ್ತವೆ. ದೊಡ್ಡ ನಟರ ತುಟಿಯಾಟದಲ್ಲಿ ಕಾಣದ್ದು ಇದೇ. ಕಾಲಿಗೆ ಮೂರು ಕಾಲಿನ ಸ್ಟ್ಯಾಂಡು ಬೇಕೇ ಬೇಕೆಂದಿಲ್ಲ. ಅರ್ಧ ತುಂಬಿದ ಜೋಳದ ಚೀಲದ ಮೇಲೆ ಮೊಬೈಲು ಊರಿದರೆ ಬೆಟ್ಟದಂತೆ ನಿಲ್ಲುತ್ತದೆ. ಚಿತ್ರ ಕತ್ತರಿಸುವುದನ್ನು ಹಲಗಿಯೇ ಹೇಳಿಕೊಡುತ್ತದೆ. ನಿಮಿಷಕ್ಕೆ ನೂರು ಪೆಟ್ಟಿನ ನಡೆಯಾದರೆ ಒಂದು ಪೆಟ್ಟಿಗೆ 15 ಚಿತ್ರ. ಪೆಟ್ಟು ಬಿದ್ದಲ್ಲಿ ಕತ್ತರಿಸಬೇಕು, ಆದರೆ ಪ್ರತಿ ಪೆಟ್ಟಿಗೂ ಅಲ್ಲ. ಹಿರಿಯಾಕೆಯ ಮೋರೆಯ ಮೇಲೆ ಚಿತ್ರ ತಂಗಬೇಕು.

ಬೆಳಕಿನ ಮಾತು ಬಂದಾಗ ಮತ್ತೆ ಚರಿತ್ರೆ ಬೇಕಾಗುತ್ತದೆ. ನಡುಹಗಲಿನಲ್ಲಿ ಬಿಳಿ ಆಕಾಶದ ಮುಂದೆ ನಿಲ್ಲಿಸಿದರೆ ನಮ್ಮ ಮಂದಿಯ ಮೋರೆ ಬರೀ ಕಪ್ಪು ಗುಡ್ಡೆ. ಮೊಬೈಲು ಇಡೀ ಚೌಕಟ್ಟಿನ ಸರಾಸರಿ ನೋಡಿ ಬೆಳಕು ಇಳಿಸುತ್ತದೆ, ಆಕಾಶ ಉಳಿಯುತ್ತದೆ, ಮನುಷ್ಯರು ಮುಳುಗುತ್ತಾರೆ. ಕೊಡಾಕ್ ಕಂಪನಿ ಬಣ್ಣದ ಫೋಟೋ ತೊಳೆಯುವ ಅಂಗಡಿಗಳಿಗೆಲ್ಲ ಒಂದು ಮಾದರಿ ಚಿತ್ರ ಕಳಿಸುತ್ತಿತ್ತು. ಅದರಲ್ಲಿ ಒಬ್ಬ ಬಿಳಿ ಹೆಣ್ಣುಮಗಳು. ಷರ್ಲಿ ಕಾರ್ಡು ಎನ್ನುತ್ತಿದ್ದರು. ಅವಳ ಮೈಬಣ್ಣ ಸರಿಬಂದರೆ ಲೋಕದ ಬಣ್ಣವೆಲ್ಲ ಸರಿ ಎಂದು ಲೆಕ್ಕ. ಕಪ್ಪು ಜನರ ಮೋರೆ ಸರಿಯಾಗಿ ಬರುವುದಿಲ್ಲವೆಂಬ ದೂರಿಗೆ ಕಿವಿಗೊಡದವರು, ತಮ್ಮ ಚಾಕೊಲೇಟು, ತಮ್ಮ ಮರದ ಮೇಜು ಸರಿಯಾಗಿ ಬರುತ್ತಿಲ್ಲ ಎಂದು ವ್ಯಾಪಾರಿಗಳು ಗೊಣಗಿದ ಮೇಲೆ ಫಿಲಮು ತಿದ್ದಿದರು. ಕರಿ ಮನುಷ್ಯನಿಗಿಂತ ಕರಿ ಮೇಜಿಗೆ ಬೆಲೆ ಹೆಚ್ಚು! ಇವತ್ತಿನ ಮೊಬೈಲಿನಲ್ಲಿ ಷರ್ಲಿಯ ಮೊಮ್ಮಗಳು 'ಬ್ಯೂಟಿ' ಎಂಬ ಗುಂಡಿಯಾಗಿ ಕೂತಿದ್ದಾಳೆ. ಒತ್ತಿದರೆ ಮೈ ಬೆಳ್ಳಗಾಗುತ್ತದೆ, ಸುಕ್ಕು ಅಳಿಯುತ್ತದೆ, ಬಿಸಿಲಲ್ಲಿ ದುಡಿದ ಐವತ್ತು ವರ್ಷ ಅಳಿಯುತ್ತವೆ. ಆ ಗುಂಡಿಯನ್ನು ಆರಿಸಬೇಕು. ಹೊತ್ತು ಹುಟ್ಟಿದ ಒಂದು ತಾಸಿನೊಳಗೆ, ಮುಳುಗುವ ಮುಂಚಿನ ಒಂದು ತಾಸಿನಲ್ಲಿ, ಬೆಳಕು ಓರೆಯಾಗಿ ಬೀಳುವಾಗ ತೆಗೆಯಬೇಕು. ಪರದೆಯ ಮೇಲೆ ಮೋರೆಯ ಜಾಗದಲ್ಲಿ ಬೆರಳು ಒತ್ತಿ ಹಿಡಿದು ಬೆಳಕಿಗೆ ಬೀಗ ಹಾಕಬೇಕು. ಆಗ ಕರಿ ಮೈ ಕರಿಯದಾಗಿಯೇ ಹೊಳೆಯುತ್ತದೆ. ನಮ್ಮ ಕಸಬು ಇದು.

ಇನ್ನು ಹೆಸರು. 2021ರ ಮಾರ್ಚಿನಲ್ಲಿ ಬಂದ 'ಎಂಜಾಯ್ ಎಂಜಾಮಿ' ತಮಿಳು ಹಾಡನ್ನು ನೋಡದವರಿಲ್ಲ. ಶ್ರೀಲಂಕಾದ ಚಹಾ ತೋಟದಲ್ಲಿ ದುಡಿದು ಬರಿಗೈಯಲ್ಲಿ ಮರಳಿದ ಅಜ್ಜಿ ವಳ್ಳಿಯಮ್ಮಾಳ್ ಬದುಕಿನಿಂದ ಮೊಮ್ಮಗ ಅರಿವು ಬರೆದದ್ದು. ಅಜ್ಜಿ ಚಿತ್ರದಲ್ಲಿ ಸಿಂಹಾಸನದಂಥ ಕುರ್ಚಿಯ ಮೇಲೆ ಕೂತಿದ್ದಾರೆ. ಅದೇ ವರ್ಷ ಆಗಸ್ಟಿನಲ್ಲಿ ಒಂದು ಸಂಗೀತ ಪತ್ರಿಕೆ ತನ್ನ ಮುಖಪುಟದಲ್ಲಿ ಹಾಡುಗಾರ್ತಿ ಧೀಯನ್ನು ಹಾಕಿತು, ಬರೆದ ಅರಿವು ಇಲ್ಲ. ಪಾ. ರಂಜಿತ್ ಕೇಳಿದ ಮೇಲೆ ಅರಿವಿಗೂ ಒಂದು ಮುಖಪುಟ ಬಂತು. 2022ರಲ್ಲಿ ಚೆನ್ನೈ ಚೆಸ್ ಒಲಿಂಪಿಯಾಡಿನ ಉದ್ಘಾಟನೆಗೆ ಹಾಡು ಕೇಳಿಸಿತು, ಅರಿವು ವೇದಿಕೆಯ ಮೇಲಿರಲಿಲ್ಲ. 2024ರಲ್ಲಿ ಸಂಗೀತ ನಿರ್ಮಾಪಕ ಸಂತೋಷ್ ನಾರಾಯಣನ್ ತಮಗ್ಯಾರಿಗೂ ಆ ಹಾಡಿನಿಂದ ಒಂದು ಪೈಸೆ ಬಂದಿಲ್ಲವೆಂದರು. ಚಿತ್ರ ಎಷ್ಟು ಚೊಕ್ಕಾಗಿದ್ದರೂ ಲೆಕ್ಕದ ಪುಸ್ತಕ ಇನ್ನೊಬ್ಬರ ಕೈಯಲ್ಲಿದ್ದರೆ ಹೀಗಾಗುತ್ತದೆ.

ನಮ್ಮ ಜನಪದಕ್ಕೆ ಇನ್ನೊಂದು ಗಂಡಾಂತರ. 'ಸಾಂಪ್ರದಾಯಿಕ' ಎಂದು ಬರೆದುಬಿಟ್ಟರೆ ಹಾಡಿಗೆ ಯಜಮಾನರಿಲ್ಲ. ಮೊದಲು ಮುದ್ರಿಸಿದವನಿಗೆ ಆ ಮುದ್ರಣದ ಹಕ್ಕು. ಹಾಡುವವರಿಗೂ ತಮ್ಮ ಹಾಡುಗಾರಿಕೆಯ ಮೇಲೆ ಹಕ್ಕುಂಟು ಎಂದು 1957ರ ಕಾಯಿದೆಗೆ 1994ರಲ್ಲಿ ತಿದ್ದುಪಡಿ ಬಂತು. 2012ರ ತಿದ್ದುಪಡಿ ಬರೆದವರಿಗೂ ರಾಗ ಕೂಡಿಸಿದವರಿಗೂ ಗೌರವಧನದ ಹಕ್ಕು ಉಳಿಸಿತು. ಕೇರಿಗೆ ಈ ಸುದ್ದಿ ತಲುಪಿಲ್ಲ, ಮೇಷ್ಟ್ರುಗಳು ತಲುಪಿಸಬೇಕು. ನಮ್ಮ ತಾಲ್ಲೂಕು ಕೇಂದ್ರ ಮಸ್ಕಿಯ ಗುಡ್ಡದಲ್ಲಿ 1915ರಲ್ಲಿ ಸಿಕ್ಕ ಬಂಡೆಯಲ್ಲಿ 'ಅಶೋಕ' ಎಂಬ ನಾಲ್ಕು ದಿಕ್ಕಿನ ದೊರೆಯ ಹೆಸರು ಕೊರೆದಿತ್ತು. ಅಲ್ಲಿಯತನಕ ಸಿಕ್ಕಿದ್ದ ಶಾಸನಗಳಲ್ಲಿ 'ದೇವಾನಾಂಪ್ರಿಯ' ಎಂಬ ಬಿರುದೇ ಹೊರತು ಹೆಸರಿರಲಿಲ್ಲ. ಚಕ್ರವರ್ತಿಯೇ ಆದರೂ ಹೆಸರು ಕೊರೆಯದಿದ್ದರೆ ಎರಡು ಸಾವಿರ ವರ್ಷ ಅನುಮಾನದಲ್ಲಿ ಇರಬೇಕಾಯಿತು. ಜೋಳ ಬೀಸಿದವರ ಗತಿ ಏನು?

ಅದಕ್ಕೇ ನಮ್ಮ ಚಿತ್ರದ ಕೊನೆಗೆ ಹೆಸರುಗಳು ಮೆಲ್ಲಗೆ, ಓದಲು ಬರುವಷ್ಟು ಮೆಲ್ಲಗೆ ಏರುತ್ತವೆ. ಹಲಗಿ ಬಾರಿಸಿದವರು, ಹಲಗಿ ಕಾಸಿದವರು, ಕೌದಿ ಕೊಟ್ಟವರು, ರೊಟ್ಟಿ ಬಡಿದವರು, ಸ್ಪೀಕರು ಹೊತ್ತವರು. ಇಷ್ಟು ಉದ್ದ ಯಾರು ನೋಡುತ್ತಾರೆ, ಕಡಿಮೆ ಮಾಡಿ ಎಂದವರಿದ್ದಾರೆ. ಮಾಡಿಲ್ಲ. ಹಿರಿಯಾಕೆಗೆ ತೋರಿಸಿದಾಗ ತಮ್ಮ ಮೋರೆ ನೋಡಿ ನಕ್ಕರು, ಹೆಸರು ಓದಿ ಹೇಳಿದಾಗ ಮಾತ್ರ ತಡೆದರು. 'ಧಾಟಿ ನಂದಲ್ಲೋ ಯಪ್ಪಾ, ನಮ್ಮವ್ವಂದು. ಅಕಿ ಹೆಸರೂ ಬರಿ.' ಅವ್ವನ ಹೆಸರು ಮೇಲಿನ ಸಾಲಿಗೆ, ಮಗಳ ಹೆಸರು ಅದರ ಕೆಳಗೆ ಹಾಕಿದ್ದೇವೆ.